ಹಂತಿ ಫಕೀರಪ್ಪನವರ ಪದ

ಟ್ರಂಕಿನ ಮುಚ್ಚಳ ತೆಗೆದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ವರದಿಗಾರನಾಗಿದ್ದಾಗ ಮಾಡಿದ ಸಂದರ್ಶನಗಳ ಕ್ಯಾಸೆಟ್ಟುಗಳು ಅಲ್ಲಿದ್ದವು. ಪ್ರತಿಯೊಂದರ ಮೇಲೂ ಹೆಸರು, ಊರು, ತಾರೀಖು. ಈ ಅಚ್ಚುಕಟ್ಟಿನ ಬಗ್ಗೆ ನನಗೆ ಜಂಬವಿತ್ತೆಂದು ನಿಮ್ಮಲ್ಲಿ ಒಪ್ಪಿಕೊಳ್ಳುತ್ತೇನೆ.

ಹೊಸ್ತಿಲ ಬಳಿ ರೇಣವ್ವ ಕೂತಿದ್ದಳು. ಗಿಣಿಗೇರಾದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವಳು. ಹಂತಿ ಪದದ ಫಕೀರಪ್ಪನವರ ಮಗಳು. ಅವರು ತೀರಿಕೊಂಡು ಕೆಲವು ವರ್ಷಗಳಾದವು.

"ಅಪ್ಪ ಹಾಡಿದ್ದು ಮರಿಯಾಕ ಹತ್ತೀನ್ರಿ ಸರ. ಪದ ಅರ್ಧಮರ್ಧ ಉಳದಾವ. ಬ್ಯಾರೆ ಯಾರೂ ಟೇಪ್ ಮಾಡಿಲ್ಲ, ನೀವೊಬ್ರ."

ಯಲಬುರ್ಗಾ ಸೀಮೆಯ ಕಣಗಳಲ್ಲಿ ಜೋಳದ ತೆನೆ ತುಳಿಯುವ ಎತ್ತುಗಳ ಹಿಂದೆ ನಡೆಯುತ್ತ ಹಾಡುವುದೇ ಹಂತಿ ಪದ. ಫಕೀರಪ್ಪನವರನ್ನು ಕುಷ್ಟಗಿ ಕಡೆಯವರೂ ಕರೆಸಿಕೊಳ್ಳುತ್ತಿದ್ದರು. ಒಕ್ಕುವ ಯಂತ್ರ ಬಂತು, ಅದರ ಸದ್ದಿನಲ್ಲಿ ಯಾರು ಹಾಡುತ್ತಾರೆ? ನಾನು ಭೇಟಿಯಾದಾಗ ಅವರು ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಯುತ್ತಿದ್ದರು; ರಜೆಯೆಂದು ಊರಿಗೆ ಬಂದಿದ್ದರು.

ಪದ ಹೇಳಿ ಎಂದೆ. ಕೂತು ಬಾಯಿ ತೆರೆದರೆ ಒಂದು ಸಾಲೂ ಬರಲಿಲ್ಲ.

"ಕುಂತ್ರ ಬರೇ ಕೆಮ್ಮು ಬರ್ತೈತ್ರಿ. ಎತ್ತಿನ ಹಿಂದ ನಡದ್ರ ಪದ ಬರ್ತಾವ."

"ಎತ್ತೆಲ್ಲಿ?"

"ಮಾರೀನ್ರಿ." ನನ್ನನ್ನು ಮೇಲಿಂದ ಕೆಳಗೆ ಅಳೆದರು. "ನೀವ ಮುಂದ ನಡೀರಿ. ಎತ್ತಿಗಿಂತ ಜರಾ ಬಡಕಲ ಅದೀರಿ, ಆದ್ರೂ ನಡೀತೈತಿ."

ಬಾಗಿಲಲ್ಲಿದ್ದ ಅವರ ಹೆಂಡತಿ, "ಬಾರಕೋಲ ಹಿಡೀಬ್ಯಾಡ ಮತ್ತ, ಪೇಪರಿನವ್ರು ಅದಾರ!" ಎಂದು ನಕ್ಕರು.

ಹೀಗೆ ನಾನು ಎತ್ತಾದೆ. ಅಂಗಳದ ಬೇವಿನ ಸುತ್ತ ತಲೆ ತಗ್ಗಿಸಿ ಸುತ್ತಿದೆ. ಬೆನ್ನ ಹಿಂದೆ ದನಿ ಎದ್ದಿತು. ತಾಸು ಹೊತ್ತು ತಡೆಯಿಲ್ಲದೆ ಹಾಡಿದರು, ಕೆಮ್ಮು ಒಮ್ಮೆಯೂ ಬರಲಿಲ್ಲ. ವರದಿಯಲ್ಲಿ 'ಸುಶ್ರಾವ್ಯವಾಗಿ ಹಾಡಿದರು' ಎಂದು ಬರೆದೆ. ಎರಡೇ ಪದ, ಜಾಗ ಉಳಿಯಿತು.

ರೇಣವ್ವನ ಎದುರು ಟೇಪು ಹಚ್ಚಿದೆ. "ಎಷ್ಟು ಪದ ಬರುತ್ತವೆ?" ಎಂದು ನನ್ನ ದನಿ. ಕೆಮ್ಮು. "ಏಳ್ರಿ, ನಡಕೋಂತ ಹೇಳ್ತೀನಿ." ಟಕ್ಕೆಂದಿತು. ಮರುಕ್ಷಣವೇ ಮತ್ತೆ ನಾನು: "ಸನ್ಮಾನ ಎಷ್ಟಾಗಿವೆ?"

ಆಗ ನೆನಪಾಯಿತು. ಸುದ್ದಿಗೆ ಬೇಕಾದದ್ದು ವಯಸ್ಸು, ಊರು, ಸನ್ಮಾನ. ಹಾಡಿಗೆ ರೀಲು ಯಾಕೆ ಹಾಳು ಮಾಡಲಿ ಎಂದು ಎತ್ತಾಗುವ ಮೊದಲು ಗುಂಡಿ ಒತ್ತಿ ನಿಲ್ಲಿಸಿದ್ದೆ.

ಅವಳು ಬೈಯಲಿಲ್ಲ. ಆ ಕೆಮ್ಮನ್ನೂ ಅಪ್ಪನ ಒಂದೆರಡು ಮಾತನ್ನೂ ಮತ್ತೆ ಹಚ್ಚಿಸಿ ಮೊಬೈಲಿಗೆ ತುಂಬಿಕೊಂಡಳು. ಆಮೇಲೆ ಮೊಬೈಲನ್ನು ನನ್ನ ಬಾಯಿಯ ಹತ್ತಿರ ಹಿಡಿದಳು.

"ನೀವು ಕೇಳೀರಲ್ರಿ, ತಾಸಗಟ್ಲೆ. ಒಂದು ಸಾಲರ ಹೇಳ್ರಿ."

ಕಣ್ಣು ಮುಚ್ಚಿದೆ. ಬಿಸಿಲು ಬಂತು, ಕಾಲಡಿಯ ಧೂಳು ಬಂತು. ಪದದ ಸಾಲು ಬರಲಿಲ್ಲ. ಪ್ರತಿ ಪದದ ಕೊನೆಗೆ ಕಣದವರೆಲ್ಲ ಕೂಗುವ ಕೂಗೊಂದೇ ಬಂತು.

"ಹುಲಿಗ್ಯೋ..." ಎಂದೆ.

"ಅದು ಎಲ್ಲಾರಿಗೂ ಬರ್ತೈತ್ರಿ ಸರ," ಎಂದು ಮೆಲ್ಲಗೆ ಹೇಳಿ ಮೊಬೈಲು ಕೆಳಗಿಳಿಸಿದಳು.