ಅತ್ತೆ ನಂಬಿದ್ದ ಎಲೆಕ್ಷನ್

ಹೋದ ವಾರ ಪಲ್ಯಕ್ಕೆಂದು ಒಡೆದ ಕೊಬ್ಬರಿ ಗಿಟುಕಿನಿಂದ ಕಮಟು ವಾಸನೆ ಬಂತು. ಎಸೆಯಲು ಹೋದವಳು ಹಿತ್ತಲಲ್ಲೇ ನಿಂತುಬಿಟ್ಟೆ. ಪಕ್ಕದ ಮನೆಯ ಅತ್ತೆ ನೆನಪಾದರು...

ನೆಂಟಸ್ತಿಕೆಯಲ್ಲಿ ಅತ್ತೆಯೇನಲ್ಲ. ದಬ್ಬೇಘಟ್ಟದ ಕಡೆಯ ನಮ್ಮ ಬೀದಿಗೆಲ್ಲ ಅವರು ಅತ್ತೆ. ನಮ್ಮಲ್ಲಿ ತೆಂಗಿನಕಾಯನ್ನು ವರ್ಷದ ಹತ್ತಿರ ಅಟ್ಟದ ಮೇಲಿಟ್ಟು, ಅಲ್ಲಾಡಿಸಿದರೆ ಒಳಗೆ ಗಿಟುಕು ಸದ್ದು ಮಾಡುವಷ್ಟು ಒಣಗಿದ ಮೇಲೆ ಸುಲಿಸುತ್ತೇವೆ. ಯಾವಾಗ ಇಳಿಸಿ ತಿಪಟೂರಿನ ಮಾರುಕಟ್ಟೆಗೆ ಸಾಗಿಸಬೇಕೆಂದು ಬೀದಿಯವರೆಲ್ಲ ಕೇಳುತ್ತಿದ್ದುದು ಅವರನ್ನೇ. ಅತ್ತೆ ಕಾಯಿಗಿಂತ ಹೆಚ್ಚಾಗಿ ಟಿವಿ ವಾರ್ತೆ ನೋಡುತ್ತಿದ್ದರು. ಪರದೇಶದ ಮುಖಂಡರು ವಿಮಾನ ಇಳಿದು ನಮ್ಮವರನ್ನು ತಬ್ಬಿಕೊಂಡರೆ ಸಾಕು, "ಏನೋ ಮಾರಕ್ಕೆ ಬಂದವ್ನೆ ಕಣೇ" ಎಂದು ಮೂತಿ ತಿರುವುತ್ತಿದ್ದರು. ನಮಗೆ ನಗು ಬರುತ್ತಿತ್ತು. ಆದರೆ ಅವರ ಮಾತು ತಪ್ಪಿದ್ದು ಕಡಿಮೆ.

ಆ ವರ್ಷ ಚುನಾವಣೆ ಹತ್ತಿರವಿತ್ತು. ಅಡುಗೆ ಎಣ್ಣೆ ತುಟ್ಟಿಯಾಯಿತೆಂದು ಪಟ್ಟಣಗಳಲ್ಲಿ ಗಲಾಟೆ. ಸುಂಕ ಇಳಿಸಿ ಹೊರದೇಶದ ಎಣ್ಣೆ, ಕೊಬ್ಬರಿ ತರಿಸುವ ಮಾತುಕತೆ ನಡೆದಿದೆಯೆಂದು ವಾರ್ತೆಯಲ್ಲಿ ಬಂತು. ಅದು ಬಂದರೆ ನಮ್ಮ ಧಾರಣೆ ಕುಸಿಯುತ್ತದೆ, ಈಗಲೇ ಇಳಿಸಿಬಿಡೋಣವೇ ಎಂದು ಕೇಳಲು ಎಲ್ಲರೂ ಅತ್ತೆಯ ಜಗಲಿಗೆ ಬಂದರು.

"ಎಲೆಕ್ಷನ್ ಮುಂದಿಟ್ಕೊಂಡು ಯಾರಾನ ನಮ್ ಹೊಟ್ಟೆ ಮೇಲೆ ಹೊಡೀತಾರಾ? ನಮ್ ಓಟು ಬ್ಯಾಡ್ವಾ ಅವ್ರಿಗೆ? ಇನ್ನೊಂದಷ್ಟು ದಿನ ಇರ್ಲಿ ಬುಡ್ರಪ್ಪ" ಎಂದರು ಅತ್ತೆ.

ಬೀದಿಯ ಅಟ್ಟಗಳಲ್ಲಿ ಕಾಯಿ ಹಾಗೆಯೇ ಉಳಿಯಿತು. ಓಟಿಗೆ ಮೊದಲೇ ಹೊರಗಿನ ಎಣ್ಣೆ, ಕೊಬ್ಬರಿ ತರಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಸರ್ಕಾರಕ್ಕೆ ಚುನಾವಣೆಯ ಭಯವಿದ್ದದ್ದು ನಿಜ. ಪಟ್ಟಣದ ಓಟುಗಳ ಭಯ. ನಮ್ಮ ಧಾರಣೆ ಬಿತ್ತು. ಮತ್ತೆ ಏರೀತೆಂದು ಕಾದು ಕಾದು ಎಷ್ಟೋ ಮನೆಗಳ ಕೊಬ್ಬರಿ ಕಮಟಾಯಿತು.

ಅತ್ತೆಯನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವರೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದರೇನೋ. ಮರುವರ್ಷ ಕೇಳಲು ಯಾರೂ ಜಗಲಿ ಹತ್ತಲಿಲ್ಲ, ಅಷ್ಟೆ. ಅತ್ತೆ ಟಿವಿಗೆ ಬಟ್ಟೆ ಹೊದಿಸಿಟ್ಟರು. ಒಂದು ಮಧ್ಯಾಹ್ನ ಎಲೆಗೆ ಸುಣ್ಣ ಸವರುತ್ತಾ ನನ್ನ ಹತ್ತಿರ ಮಾತ್ರ ಅಂದರು:

"ಎಣ್ಣೆ ತರಿಸ್ತಾರೆ ಅಂತ ನಂಗೂ ಅನುಮಾನ ಇತ್ತು ಕಣೇ. ನಾವೂ ಅವ್ರ ಲೆಕ್ಕದಾಗೆ ಇದೀವಿ ಅಂತ ನಂಬ್ಕೊಂಡೆ ನೋಡು..."

 

ಅತ್ತೆ ಹೋಗಿ ಕೆಲವು ವರ್ಷಗಳಾದವು. ಈಗ ಮತ್ತೆ ಚುನಾವಣೆ ಹತ್ತಿರ ಬಂದಿದೆ. ನಮ್ಮ ಮುಖಂಡರು ಯಾವುದೋ ದೇಶದಲ್ಲಿ ಕೈಕುಲುಕುತ್ತಿದ್ದುದನ್ನು ಮೊನ್ನೆ ಟಿವಿಯಲ್ಲಿ ತೋರಿಸಿದರು. ಮಾರನೆಯ ದಿನವೇ ಬೀದಿಯವರು, ಇನ್ನಷ್ಟು ಒಣಗಬೇಕಿದ್ದ ಕಾಯನ್ನೂ ಬಿಡದೆ, ಯಾರನ್ನೂ ಕೇಳದೆ ಇಳಿಸಿದರು. ನಾನೂ ಇಳಿಸಿದೆ. ನಮ್ಮ ಓಟಿಗಾದರೂ ಬೆಲೆ ಕೊಟ್ಟಾರು, ತಡೆಯಿರಿ ಎನ್ನಲು ಬೀದಿಯಲ್ಲಿ ಈಗ ಯಾರೂ ಇಲ್ಲ. ಹಾಗೆ ನಂಬಿದ್ದವರು ಅತ್ತೆಯೊಬ್ಬರೇ.