ಹಾಲು ಉಕ್ಕಿಸಿಕೊಂಡ ಫ್ಯಾನು

ನಮ್ಮ ಎರಕದ ಕಾರ್ಖಾನೆಗೂ ಒಣಮೀನಿನ ಬಯಲಿಗೂ ನಡುವೆ ಇರುವುದು ಒಂದೇ ಒಂದು ತಂತಿ ಬೇಲಿ. ಬೇಲಿಯ ಈಚೆ ನಾವು ಮೀನುಗಾರಿಕೆ ಬೋಟುಗಳ ಫ್ಯಾನು ಎರೆಯುತ್ತೇವೆ. ನೀರಿನೊಳಗೆ ತಿರುಗಿ ಬೋಟನ್ನು ಮುಂದಕ್ಕೆ ತಳ್ಳುವ ರೆಕ್ಕೆಗಳಿಗೆ ಹಂಗಾರಕಟ್ಟೆಯಲ್ಲಿ ನಾವೆಲ್ಲ ಹೇಳುವುದು ಹಾಗೆ. ಆಚೆ ಹೆಂಗಸರು ಬಂಗುಡೆ ಒಣಗಿಸುತ್ತಾರೆ. ನಮ್ಮ ಹಳೆಯ ಕುಲುಮೆ ಎಣ್ಣೆ ಸುಡುವಂಥದ್ದು. ಅದರ ಮಸಿಗೆ ಬೇಲಿಯ ಪರಿವೆ ಇರಲಿಲ್ಲ.

ಬಯಲಿನ ಹೆಂಗಸರಿಗೆಲ್ಲ ಹಿರಿಯಳಾದ ಅಕ್ಕ ಒಂದು ದಿನ ಬೇಲಿಯ ಬಳಿ ನಿಂತು ನನ್ನನ್ನು ಕರೆದಳು.

"ಹ್ವಾಯ್ ಮೇಸ್ತ್ರೇ, ಪ್ಯಾಟಿಯರ್ ಕೇಂತ್ರ್, ಇದ್ ಒಣಮೀನಾ, ಸುಟ್ಟ ಮೀನಾ ಅಂದೇಳಿ. ನಾ ಎಂತ ಹೇಳ್ಲಿ? ಸಾಕಾಯ್ತ್. ಈ ಸಲ ಗ್ರಾಮಸಭಿಯಂಗೆ ಎದ್ದ್ ನಿಲ್ತೆ. ವಂಡ್ಸೆ ಬದಿಗೆ ಹೋಯ್ ಎರ್ಕಣಿ ನಿಮ್ಮ್ ಫ್ಯಾನ್."

ಅವಳು ಎದ್ದು ನಿಂತರೆ ಬಯಲಿನ ಎಲ್ಲ ಕೈಗಳೂ ಮೇಲೇಳುತ್ತವೆ. ಆಮೇಲೆ ಕಾರ್ಖಾನೆಯ ಗಂಟುಮೂಟೆ ಕಟ್ಟುವುದೇ. ಬೋಟುಗಳು ಇಲ್ಲಿ, ಫ್ಯಾನು ಎರೆಯುವವರು ಒಳನಾಡಿನ ವಂಡ್ಸೆಯಲ್ಲಿ ಎಂದರೆ ಕೇಳುವವರು ಯಾರು? ತಂದೆಯ ನಂತರ ಕಾರ್ಖಾನೆ ವಹಿಸಿಕೊಂಡ ನಮ್ಮ ಯಜಮಾನರು ಇನ್ನೂ ಎಳೆಯರು. ಅವರು ಆಗಲೇ ಕರೆಂಟಿನ ಹೊಸ ಕುಲುಮೆ ತರಿಸಿದ್ದರು. ಅದರ ಹೆಸರು ಇಂಡಕ್ಷನ್ ಫರ್ನೇಸ್. ಎಣ್ಣೆ ಇಲ್ಲ, ಮಸಿ ಇಲ್ಲ. ಆದರೆ ಬಾಯಲ್ಲಿ ಹೇಳಿದರೆ ನಂಬುವವರು ಯಾರು? ಗ್ರಾಮಸಭೆಗೆ ಮೊದಲೇ ಊರವರನ್ನು ಒಳಗೆ ಕರೆದು ತೋರಿಸುವುದೆಂದಾಯಿತು. ವ್ಯವಸ್ಥೆ ನನ್ನ ತಲೆಗೆ ಬಂತು.

ನಾನು ಕೆಲಸ ಕಲಿತದ್ದು ಮುಂಬಯಿಯ ಫೌಂಡ್ರಿಯಲ್ಲಿ. ಅಲ್ಲಿ ಸೈರನ್ ಕೂಗಿದರೆ ಬಾಯಲ್ಲಿದ್ದ ವಡೆಯನ್ನು ನುಂಗುತ್ತಲೇ ಓಡಬೇಕು. ಆ ಅಭ್ಯಾಸ ಈ ವಯಸ್ಸಿಗೂ ಹೋಗಿಲ್ಲ. ನೆಲಕ್ಕೆ ಹಳದಿ ಗೆರೆ ಎಳೆಸಿದೆ. ಜನ ತಂಡ ತಂಡವಾಗಿ ಬರಬೇಕು, ಗೆರೆ ದಾಟಬಾರದು. ಕರಗಿದ ಲೋಹಕ್ಕೆ ನೀರು ತಾಗಿದರೆ ಸಿಡಿಯುತ್ತದೆ. ಆದ್ದರಿಂದ ನೀರಿನ ಬಾಟಲಿ ಕೂಡ ಗೇಟಿನಲ್ಲೇ ಇಡಬೇಕು. ಕೊನೆಗೆ ಎಲ್ಲರಿಗೂ ಚಹಾ, ಗೋಳಿಬಜೆ.

ಊರಿಗೆ ತಿಳಿಸಲು ರಿಕ್ಷಾಕ್ಕೆ ಮೈಕು ಕಟ್ಟಿ ಕಳಿಸಿದೆವು. ರಿಕ್ಷಾದವನಿಗೆ ಫರ್ನೇಸ್ ಎಂಬ ಮಾತು ಜನರಿಗೆ ಅರ್ಥವಾಗದು ಅನ್ನಿಸಿತಂತೆ. "ಫೌಂಡ್ರಿಯಲ್ಲಿ ಹೊಸ ಇಂಡಕ್ಷನ್ ಒಲೆ! ಎಲ್ಲರೂ ಸಂಸಾರ ಸಮೇತರಾಗಿ ಬರಬೇಕು!" ಎಂದು ಬೀದಿ ಬೀದಿ ಕೂಗಿಬಿಟ್ಟ.

ಹೊಸ ಒಲೆ, ಸಂಸಾರ ಸಮೇತ. ನಮ್ಮ ಕಡೆ ಇದಕ್ಕೆ ಇರುವುದು ಒಂದೇ ಅರ್ಥ: ಮನೆ ಒಕ್ಕಲು, ಅಂದರೆ ಗೃಹಪ್ರವೇಶ.

ಆ ದಿನ ಹೆಂಗಸರು ರೇಷ್ಮೆ ಸೀರೆ ಉಟ್ಟು ಬಂದರು. ಬಣ್ಣದ ಕಾಗದ ಸುತ್ತಿದ ಸ್ಟೀಲು ಡಬ್ಬಿಗಳು ಬಂದವು. ಒಬ್ಬ ಅಜ್ಜ ನೇರವಾಗಿ ಊಟದ ಚಪ್ಪರ ಹುಡುಕಿಕೊಂಡು ಹಿತ್ತಲಿಗೆ ಹೋದ. ಇನ್ನೊಬ್ಬಳು ಟವೆಲಿನಲ್ಲಿ ಸುತ್ತಿ ತಂದ ಅಡುಗೆಮನೆಯ ಇಂಡಕ್ಷನ್ ಒಲೆಯನ್ನು ನನ್ನ ಕೈಗಿಟ್ಟಳು.

"ಗುಂಡಿ ಒತ್ರೆ ಕುಂಯ್ ಅಂತ್, ಬಿಸಿ ಆತಿಲ್ಲ. ನಿಮ್ದೂ ಇದೇ ಕಂಪೆನಿದಾ?"

ಅಷ್ಟರಲ್ಲಿ ಅಕ್ಕ ಬಂದಳು. ಕೈಯಲ್ಲಿ ಹಿತ್ತಾಳೆ ತಪಲೆ, ತಪಲೆಯ ತುಂಬ ಹಾಲು, ಮೇಲೆ ಮುಚ್ಚಿದ ಒಗೆದ ಬಿಳಿ ಬಟ್ಟೆ. ನಾನು ಗೇಟಿಗೆ ಅಡ್ಡ ನಿಂತೆ.

"ಅಕ್ಕ, ಹಾಲ್ ಒಳ್ಗೆ ತಕಂಡ್ ಹೋಪುಕಿಲ್ಲೆ."

"ಒಲೆ ಹೌದಾ, ಅಲ್ದಾ?"

"ಹೌದ್, ಆರೆ..."

"ಹೊಸ್ತಾ, ಹಳ್ತಾ?"

"ಹೊಸ್ತ್."

"ಮತ್ತೆಂತ ಮರ್ರೆ? ಹಾಲ್ ಉಕ್ಸದ್ದೆ ಒಲೆ ಹೊತ್ಸುಕಾತ್ತಾ? ಅನಿಷ್ಟ ಬಪ್ದ್ ಬೇಲಿ ಬದಿಯಂಗಿಪ್ಪ ನಮ್ಗೆ. ಸಭಿಯಂಗೆ ಇದ್ನೂ ಹೇಳ್ತೆ."

"ಅದ್ರೊಳ್ಗೆ ಹಾಲ್ ಬಿದ್ರೆ ಮಾಡೇ ಹಾರಿ ಹೋತ್ತ್!"

"ನಿಮ್ದಲ್ದಾ ಮಾಡ್?"

ಛಾವಣಿ ಹಾರುವ ಮಾತು ಯಜಮಾನರ ಕಿವಿಗೂ ಬಿತ್ತು. ನನ್ನನ್ನು ಪಕ್ಕಕ್ಕೆ ಕರೆದು, "ಮೇಸ್ತ್ರೇ, ಎಂತಾರೂ ಮಾಡಿ," ಎಂದರು. ಚಹಾ ಮಾಡುವ ಗ್ಯಾಸಿನ ಮೇಲೆ ಉಕ್ಕಿಸಿದರಾಗದೇ ಎಂದು ಕೇಳಿದೆ. ಅಕ್ಕ ಅದನ್ನು ಕಣ್ಣಿನ ತುದಿಯಲ್ಲಿ ನೋಡಿ, "ಅದ್ ಹಳೀ ಒಲೆ. ನಂಗೆ ಕಣ್ಣ್ ಕಾಣತ್ತ್," ಎಂದಳು.

ಹೊಸ ಕುಲುಮೆಯ ಮೊದಲ ಎರಕ ಬೆಳಿಗ್ಗೆಯೇ ಆಗಿತ್ತು. ಮರಳಿನ ಅಚ್ಚು ಒಡೆದು ತೆಗೆದ ಫ್ಯಾನು ಅಂಗಳದಲ್ಲಿ, ಕುಲುಮೆಯಿಂದ ದೂರದಲ್ಲಿ ಆರುತ್ತಿತ್ತು. ಕೆಂಪು ಹೋಗಿದ್ದರೂ ಬಿಸಿ ಹೋಗಿರಲಿಲ್ಲ. ಮೂರು ರೆಕ್ಕೆ, ನಡುವೆ ತಪಲೆ ಕೂರುವಷ್ಟು ದಪ್ಪದ ಗುಂಬ.

"ಅಕ್ಕ, ಹೊಸ ಒಲಿ ಬಿಸಿ ಈಗ ಇದ್ರ್ ಹೊಟ್ಟಿಯಂಗಿತ್ತ್. ಆತ್ತಾ?"

ಅವಳು ಸುತ್ತು ಬಂದು ನೋಡಿದಳು. ಕೈಯನ್ನು ಹತ್ತಿರ ಒಯ್ದು ಸರಕ್ಕನೆ ಹಿಂದೆಗೆದಳು. "ಆತ್ತ್," ಎಂದಳು. ಹಾಲಿಗೆ ಮುಚ್ಚಿದ್ದ ಬಿಳಿ ಬಟ್ಟೆಯನ್ನು ಕೊಡವಿ ಬೇಲಿಯ ಮೇಲೆ ಹರವಿದಳು. ನಾವು ಸುತ್ತ ಹಗ್ಗ ಕಟ್ಟಿ, ಉದ್ದದ ಇಕ್ಕಳದಿಂದ ತಪಲೆಯನ್ನು ಗುಂಬದ ಮೇಲಿಟ್ಟೆವು.

ಆರುತ್ತಿರುವ ಫ್ಯಾನಿನ ಮೇಲೆ ಹಾಲು ಬೇಗ ಕಾಯುವುದಿಲ್ಲ. ನನ್ನ ತಂಡಗಳೆಲ್ಲ ಕಲಸುಮೇಲೋಗರವಾದವು. ಮಾಡಲು ಬೇರೆ ಕೆಲಸವಿಲ್ಲದೆ ಜನ ಹಳದಿ ಗೆರೆಯ ಬಳಿ ಹೋಗಿ ನಿಂತರು. ಒಳಗೆ ಎರಡನೆಯ ಎರಕ ನಡೆದಿತ್ತು. ಕಿತ್ತಳೆ ಬಣ್ಣದ ಲೋಹ ಎರಕದ ಸೌಟಿಗೆ ಇಳಿಯುವಾಗ ಎಲ್ಲರೂ ಒಟ್ಟಿಗೆ "ಅಬ್ಬಬ್ಬಾ" ಎಂದರು. "ಸೌಟೂ ಇತ್ತ್ ಕಾಣಿ! ಒಗ್ಗರಣಿ ಒಂದೇ ಬಾಕಿ," ಎಂದು ಯಾರೋ ಹೇಳಿದರು. ಅಕ್ಕ ಮಾತ್ರ ಲೋಹ ನೋಡಲಿಲ್ಲ. ತಲೆ ಎತ್ತಿ ಮಾಡನ್ನೇ ನೋಡುತ್ತಿದ್ದಳು, ಹೊಗೆಗಾಗಿ.

"ಉಕ್ಕಿತ್! ಉಕ್ಕಿತ್!" ಎಂದು ಅಂಗಳದಿಂದ ಕೂಗು ಬಂತು. ಓಡಿದೆವು. ಹಾಲು ಮೂಡು ದಿಕ್ಕಿಗೆ ಉಕ್ಕಬೇಕು. ಅದು ಎಲ್ಲರಿಗೂ ಗೊತ್ತಿರುವ ಮಾತು. ನಮ್ಮ ಅಂಗಳ ಕಡಲಿನ ಕಡೆಗೆ ವಾಲಿದೆ ಎಂಬುದು ನನಗೊಬ್ಬನಿಗೆ ಗೊತ್ತಿತ್ತು. ಹಾಲು ನೊರೆ ಎದ್ದು, ಒಂದು ಕ್ಷಣ ಯೋಚಿಸಿ, ನೇರ ಪಡುವಣಕ್ಕೆ ಚೆಲ್ಲಿ ರೆಕ್ಕೆಯ ಮೇಲೆ ಚುರ್ರೆಂದಿತು. ಯಜಮಾನರು ಕಣ್ಣು ಮುಚ್ಚಿಕೊಂಡರು.

ಅಕ್ಕ ಬೇಲಿಯ ಬಳಿ ಹೋಗಿ ಬಿಳಿ ಬಟ್ಟೆ ಎತ್ತಿದಳು. ಬೆಳಕಿಗೆ ಹಿಡಿದಳು. ಬೆರಳಿನಿಂದ ತಿಕ್ಕಿದಳು, ಮೂಸಿದಳು. ಬೆರಳಿಗೆ ಮಸಿ ಹತ್ತಿರಲಿಲ್ಲ. ಆಮೇಲೆ ಪಡುವಣಕ್ಕೆ, ತನ್ನ ಬಂಗುಡೆಯ ಬಯಲಿಗೆ ಕೈ ತೋರಿಸಿದಳು.

"ನಮ್ಮ್ ಬದಿಗೇ ಉಕ್ಕಿತಲೆ! ಒಲೆ ಇವ್ರದ್ದ್, ಒಳ್ಳೇದ್ ನಮ್ಗೆ!"

ಹೆಂಗಸರು ಹೋ ಎಂದು ನಕ್ಕರು. ಗೋಳಿಬಜೆ ಸಾಲಲಿಲ್ಲ.

ಗ್ರಾಮಸಭೆಯಲ್ಲಿ ಅವಳು ಹೇಳಿದಂತೆಯೇ ಎದ್ದು ನಿಂತಳು. ಯಜಮಾನರು ನನ್ನ ಮುಂಗೈ ಹಿಡಿದ ಹಿಡಿತ ಈಗಲೂ ನೆನಪಿದೆ. "ಫೌಂಡ್ರಿ ಅಲ್ಲೇ ಇರ್ಲಿ. ಹಾಲ್ ಉಕ್ಸಿದ್ದ್ ನಾನೇ. ಆರೆ ಹಳೀ ಒಲಿ ಹೊಗೆ ಮತ್ತ್ ಕಂಡ್ರೆ ಆ ಮೇಸ್ತ್ರಿನ್ ಬಂಗ್ಡಿ ಒಟ್ಟಿಗೆ ಒಣ್ಗುಸ್ತೆ," ಎಂದು ಹೇಳಿ ಕುಳಿತಳು.

ಹಾಲಿನ ಕಲೆಯನ್ನು ಉಜ್ಜಿ ತೆಗೆಯಲು ಆ ಫ್ಯಾನು ಕೊಂಡ ಬೋಟಿನವರು ಬಿಡಲಿಲ್ಲ.

ಮೊನ್ನೆ ಅಚ್ಚಿನ ಮರಳು ಕಲಸುವ ಯಂತ್ರ ಬಂತು. ಹುಡುಗರು ಅದನ್ನು ಮಿಕ್ಸರ್ ಎನ್ನುತ್ತಾರೆ. ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ಅಕ್ಕ, ಕೈಯಲ್ಲಿ ತೆಂಗಿನಕಾಯಿ.

"ಹ್ವಾಯ್ ಮೇಸ್ತ್ರೇ, ಮಿಕ್ಸಿ ಬಂತಂಬ್ರಲೆ?"

ನೀರಿರುವ ವಸ್ತು ಒಳಗೆ ಹೋಗುವಂತಿಲ್ಲ. ಗೇಟಿನ ಕಲ್ಲಿನ ಮೇಲೇ ಕಾಯಿ ಒಡೆಸಿದೆ. ನೀರು ಹೊರಗೆ ಚೆಲ್ಲಿ, ಹೋಳುಗಳನ್ನೂ ಅಕ್ಕನನ್ನೂ ಒಳಗೆ ಬಿಟ್ಟೆ.