ಮೀನಿನ ತೊಟ್ಟಿಯ ಮೇಲಿನ ದೀಪ

ಹೊನ್ನಾಳಿಯಲ್ಲಿ ನಮ್ಮ ಭಾವ ತಿಂಡಿ ಹೋಟೆಲು ನಡೆಸುತ್ತಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ದಾವಣಗೆರೆಯಿಂದ ಒಂದು ಮೀನಿನ ತೊಟ್ಟಿ ತಂದು ಗಲ್ಲಾದ ಪಕ್ಕ ಇಟ್ಟರು. ಕಬ್ಬಿಣದ ಚೌಕಟ್ಟು, ನಾಲ್ಕು ಕಡೆ ಗಾಜು, ಮೇಲೆ ಮುಚ್ಚುವುದಕ್ಕೆ ಇನ್ನೊಂದು ಗಾಜು. ಮುಚ್ಚಳದ ಗಾಜಿಗೆ ಹಬೆ ಕಟ್ಟಿ ಬೆಳಕು ಮಂಕಾಗುತ್ತದೆಂದು ಒಂದೇ ವಾರದಲ್ಲಿ ಅದನ್ನು ತೆಗೆದು ಅಟ್ಟಕ್ಕೆ ಹಾಕಿದರು. ತೆರೆದ ನೀರಿನ ಮೇಲೆ, ಒಂದು ಗೇಣು ಎತ್ತರದಲ್ಲಿ, ತಗಡಿನ ಶೇಡಿನ ಬಲ್ಬನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟರು.

ಆ ತಗಡನ್ನು ನಾನು ಒಮ್ಮೆ ಮುಟ್ಟಿದ್ದೆ. ಬೆರಳು ಜುಮ್ಮೆಂದಿತು.

"ಭಾವ, ಇದ್ರಾಗೆ ಕರೆಂಟ್ ಬರ್ತೈತೆ. ಗೋಡೆಗೆ ಹೊಡೀರಿ ಇದನ್ನ. ತೊಟ್ಟಿಗೆ ಗಾಜು ಮುಚ್ರಿ" ಎಂದೆ.

ನಾನು ಆಗ ನ್ಯಾಮತಿಯಲ್ಲಿ ಶಾಲೆಯ ಮೇಷ್ಟ್ರು. "ಮೇಷ್ಟ್ರೆ, ಪಾಠ ಮಕ್ಳಿಗೆ ಹೇಳ್ರಿ. ಮೀನಿಗೆ ಹೊಡೀದಿರೋ ಕರೆಂಟು ನಿಮಗೆ ಹೊಡೀತಾ?" ಎಂದರು ಭಾವ. ದೋಸೆ ತಿನ್ನುತ್ತಿದ್ದವರು ನಕ್ಕರು. ನಾನೂ ನಕ್ಕೆ. ನನ್ನ ಆ ನಗುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅದೊಂದು ಶುಕ್ರವಾರ, ದೀಪ ಹಚ್ಚುವ ಹೊತ್ತು. ನಾನೂ ಗಲ್ಲಾದ ಹತ್ತಿರವೇ ಇದ್ದೆ. ಭಾವ ಆಗಷ್ಟೇ ಲೈಟು ಹಾಕಿ, ಬಲ್ಬಿಗೆ ಕೈಮುಗಿದು ಕೂತಿದ್ದರು. ತೊಟ್ಟಿಯಲ್ಲಿ ಒಂದು ಮೀನು ಸತ್ತು ತೇಲುತ್ತಿತ್ತು. ಅದು ಗಿರಾಕಿಗಳ ಕಣ್ಣಿಗೆ ಬೀಳಬಾರದೆಂದು ಒಳಗಿದ್ದ ಅಕ್ಕನನ್ನು ಕರೆದರು.

"ಲೈಟ್ ಆರಿಸ್ರಿ, ತೆಗೀತೀನಿ" ಎಂದಳು ಅಕ್ಕ.

"ದೀಪ ಹಚ್ಚೋ ಹೊತ್ನಾಗೆ ಆರಿಸು ಅಂತೀಯಲ್ಲ, ಲಕ್ಷ್ಮಿ ಒಳಗೆ ಬರಬೇಕೋ ಬ್ಯಾಡ್ವೋ? ಸುಮ್ನೆ ತೆಗಿ."

ಅಕ್ಕ ಬಲಗೈಯಲ್ಲಿ ಕಬ್ಬಿಣದ ಚೌಕಟ್ಟು ಹಿಡಿದು ಎಡಗೈಯನ್ನು ನೀರಿಗೆ ಇಳಿಸಿದಳು. ಬಗ್ಗಿದಾಗ ಭುಜ ಶೇಡಿಗೆ ತಾಗಿತು. ದಾರ ಹರಿಯಿತು. ದೀಪ ನೀರಿಗೆ ಬಿತ್ತು. ಬಲ್ಬು ಟಪ್ಪೆಂದು ಒಡೆಯಿತು. ಅಕ್ಕ ಕೂಗಲಿಲ್ಲ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಭಾವ ಅವಳನ್ನು ಎಳೆಯಲು ಕೈ ಚಾಚಿದರು. ನಾನು ಅವರನ್ನು ಆಚೆ ನೂಕಿ, ಗಲ್ಲಾದ ಹಿಂದಿದ್ದ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದೆ. ಹೋಟೆಲೆಲ್ಲ ಕತ್ತಲಾಯಿತು. ಅಕ್ಕ ನೆಲಕ್ಕೆ ಬಿದ್ದದ್ದು ಕೇಳಿಸಿತು.

ಮೂಲೆಯ ಮೇಜಿನಿಂದ ಯಾರೋ, "ಹೋತೇನ್ರಿ ಕರೆಂಟು? ಚಟ್ನಿ ಎಲ್ಲೈತೆ ಅಂತ ಕಾಣ್ತಿಲ್ಲ" ಎಂದರು.

ಅಕ್ಕ ಬದುಕಿದಳು. ಬಲಗೈಯ ಎರಡು ಬೆರಳು ಸುಟ್ಟವು. ಆಮೇಲೆ ಅವು ಎಂದೂ ಮಡಚಲಿಲ್ಲ. ಹತ್ತು ದಿನ ಬಿಟ್ಟು ಆಸ್ಪತ್ರೆಯಿಂದ ಬರುವಷ್ಟರಲ್ಲಿ ತೊಟ್ಟಿಗೆ ಹೊಸ ಮೀನು ಬಂದಿದ್ದವು. ಅದೇ ತಗಡು, ಅದೇ ಎತ್ತರ.

"ಈ ಸಲ ನೈಲಾನ್ ಹಗ್ಗ. ಆನೆ ಜಗ್ಗಿದ್ರೂ ಹರಿಯಲ್ಲ" ಎಂದರು ಭಾವ. ತಪ್ಪೆಲ್ಲ ದಾರದ್ದು.

ಆ ವಾರದ ಶುಕ್ರವಾರ, ಅದೇ ಹೊತ್ತಿಗೆ ಭಾವ ಬಲ್ಬಿಗೆ ಕೈಮುಗಿಯುತ್ತಿದ್ದಾಗ, ಅಕ್ಕ ಒಳಗಿನಿಂದ ಬಂದು ಎಡಗೈಯಲ್ಲಿ ಮೇನ್ ಸ್ವಿಚ್ ಎಳೆದಳು.

"ಏ, ಶುಕ್ರವಾರ ಕಣೆ" ಎಂದರು ಭಾವ, ಕತ್ತಲಲ್ಲಿ.

"ಗೊತ್ತೈತೆ. ಲಕ್ಷ್ಮಿ ಒಂದ್ ಗಳಿಗೆ ಹೊರಗೆ ನಿಂತ್ಕೊಳ್ಳಲಿ" ಎಂದಳು. ಆಮೇಲೆ ನನಗೆ, "ಅಟ್ಟದ ಮ್ಯಾಲಿನ ಗಾಜು ಇಳಿಸಪ್ಪ."

ನಾನು ತಂತಿ ಬಿಚ್ಚಿದೆ, ಹಗ್ಗ ಕತ್ತರಿಸಿದೆ, ತೊಟ್ಟಿಗೆ ಗಾಜು ಮುಚ್ಚಿದೆ. ಅಷ್ಟು ಹೊತ್ತೂ ಭಾವ ಕಂದೀಲು ಹಿಡಿದು ನಿಂತಿದ್ದರು. ಬಿಚ್ಚಿಟ್ಟ ಬಲ್ಬನ್ನೇ ನೋಡುತ್ತಿದ್ದರು. ನನಗೆ ಕರುಣೆ ಬರಲಿಲ್ಲ. ಕಂದೀಲಿನ ಹಿಡಿಕೆಯ ಸುತ್ತ ಅವರ ಐದೂ ಬೆರಳು ಚೆನ್ನಾಗಿ ಮಡಚಿಕೊಂಡಿದ್ದವು.